ಗೋಡೆಯಾಚೆಯ ಪ್ರಿಂಟರು

ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾರೂ ಪೆನ್ ಡ್ರೈವ್ ಮುಟ್ಟಕೂಡದು ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಭಾನುವಾರ ಬೆಳಿಗ್ಗೆ. ಅದನ್ನು ಕೇಳಿಸಿಕೊಂಡವಳು ಹೆಂಡತಿ ಒಬ್ಬಳೇ. ಅವಳೂ ಪೂರ್ತಿ ಕೇಳಲಿಲ್ಲ.

ವಿಷಯ ಇಷ್ಟೇ. ನನ್ನವಳು ಮನೆಗಳ ನಕ್ಷೆ ಬರೆಯುವವಳು. ಆಫೀಸು ಬಿಟ್ಟು ಸ್ವಂತವಾಗಿ ಹಿಡಿದ ಮೊದಲ ಕೆಲಸವೆಂದರೆ ನಮ್ಮ ಮನೆ ಒಡತಿಯ ಅಡುಗೆಮನೆಯನ್ನು ಹೊಸದು ಮಾಡಿಕೊಡುವುದು. ಒಡತಿ, ಅವರ ಯಜಮಾನರು ಕೆಳಗಿನ ಮಹಡಿಯಲ್ಲಿದ್ದಾರೆ. ಒಡತಿ ಅಂದು ಸಂಜೆ ನಾಲ್ಕಕ್ಕೆ ನಕ್ಷೆ ನೋಡಲು ಬರುತ್ತೇನೆ ಎಂದಿದ್ದರು. ಅವರು ಒಪ್ಪಿದರೆ ಇನ್ನೂ ನಾಲ್ಕು ಜನಕ್ಕೆ ಹೇಳುತ್ತಾರೆ. ಒಪ್ಪದಿದ್ದರೆ ನನ್ನವಳು ಹಳೆಯ ಆಫೀಸಿಗೆ ಹೋಗಿ ಕೈಕಟ್ಟಿ ನಿಲ್ಲಬೇಕು. ನಕ್ಷೆ ಪಕ್ಕದ ರೂಮಿನಲ್ಲಿ ಪ್ರಿಂಟರಿನ ಜೊತೆಗಿದ್ದ ಅವಳ ವಿಂಡೋಸ್ ಕಂಪ್ಯೂಟರಿನಲ್ಲಿ ಸಿದ್ಧವಾಗಿತ್ತು. ಹಳೇ ಅಡುಗೆಮನೆಯ ಫೋಟೋ ತೆಗೆದವನು ನಾನಾದ್ದರಿಂದ ಅವು ಮಾತ್ರ ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿದ್ದವು.

"ಪೆನ್ ಡ್ರೈವಿಗೆ ಹಾಕಿ ಕೊಡಿ ಸಾಕು" ಎಂದಳು.

"ಪಕ್ಕದ ರೂಮಿಗೆ ಹೋಗೋಕೆ ಪೆನ್ ಡ್ರೈವಾ? ಎರಡನ್ನೂ ನೆಟ್‌ವರ್ಕ್ ಮಾಡಿಬಿಡ್ತೀನಿ. ನಾನಿಲ್ಲಿ ಬಟನ್ ಒತ್ತಿದರೆ ಅಲ್ಲಿ ನಿನ್ನ ಮುಂದೆ ಬಂದು ಬೀಳುತ್ತೆ."

"ಎಷ್ಟು ಹೊತ್ತಾಗುತ್ತೆ?"

"ಹತ್ತು ನಿಮಿಷ."

"ನಲ್ಲಿ ರಿಪೇರಿಗೂ ಹಾಗೇ ಅಂದಿದ್ರಿ. ಆಮೇಲೆ ಬಕೆಟ್ ಹಿಡ್ಕೊಂಡು ಕೂತವಳು ನಾನು."

ಇಂಥ ಕ್ಷುಲ್ಲಕ ಮಾತುಗಳಿಗೆ ಮಹಾಪುರುಷರು ಉತ್ತರ ಕೊಡುವುದಿಲ್ಲ. ನಾನು ಕೆಲಸಕ್ಕೆ ಕೂತೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದನ್ನು ಕೇಳಿದ್ದೆ, ಅಂದು ಕಣ್ಣಾರೆ ಕಂಡೆ. ವಿಂಡೋಸು ಪಾಸ್‌ವರ್ಡ್ ಕೇಳಿತು. ಕೊಟ್ಟರೆ ಅದಲ್ಲ ಎಂದಿತು. ಲಿನಕ್ಸಂತೂ ಪಕ್ಕದ ರೂಮಿನಲ್ಲಿ ಕಂಪ್ಯೂಟರೇ ಇಲ್ಲ ಎಂದು ಸಾಧಿಸಿತು. ನಾನೆದ್ದು ಹೋಗಿ, ಕಂಪ್ಯೂಟರು ಅಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಬಂದೆ.

ಊಟ ಆರಿತು. ಹೆಂಡತಿಯ ಮುಖ ಬಿಸಿಯಾಯಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ತಾನಾಗಿಯೇ ಒಂದು ಪ್ರಿಂಟರು ಕಾಣಿಸಿಕೊಂಡಿತು! ಹೆಂಡತಿಯ ಪ್ರಿಂಟರು ಸಿಕ್ಕಿತೆಂದರೆ ಕಂಪ್ಯೂಟರೂ ಸಿಕ್ಕ ಹಾಗೇ ಅಲ್ಲವೇ? ಅದರ ಹೆಸರನ್ನು ಓದುವ ಗೋಜಿಗೆ ಹೋಗಲಿಲ್ಲ. ಪ್ರಿಂಟರುಗಳ ಹೆಸರನ್ನು ಯಾರಾದರೂ ಓದುತ್ತಾರೆಯೇ? ಪರೀಕ್ಷೆಗೆಂದು ನನ್ನವಳಿಗೊಂದು ವಿಜಯಪತ್ರ ಟೈಪ್ ಮಾಡಿದೆ. 'ಇನ್ನು ಮುಂದೆ ಈ ಮನೆಯಲ್ಲಿ ನನ್ನ ಮಾತೇ ನಡೆಯಬೇಕು. ಸೋಲು ಒಪ್ಪಿಕೊಂಡು ಈಗಲೇ ಒಂದು ಲೋಟ ಕಾಫಿ ತಾ.' ಬಟನ್ ಒತ್ತಿದೆ.

"ಬಂತಾ?" ಎಂದು ಕೂಗಿದೆ.

"ಏನು ಬರಬೇಕಿತ್ತು?"

ಮತ್ತೆ ಒತ್ತಿದೆ. "ಈಗ?"

"ಇಲ್ಲ ರೀ. ಪೆನ್ ಡ್ರೈವ್..."

ಆ ಪದ ಕಿವಿಗೆ ಬೀಳದಿರಲೆಂದು ಮತ್ತೂ ಒತ್ತಿದೆ, ಒತ್ತುತ್ತಲೇ ಇದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದೋಷ ಅವಳ ಕಂಪ್ಯೂಟರಿನದೇ ಎಂದು ತೀರ್ಮಾನಿಸಿ, ಅವಳು ಬಟ್ಟೆ ತರಲು ತಾರಸಿಗೆ ಹೋದ ಸಮಯ ನೋಡಿ ಅದನ್ನು ರೀಸ್ಟಾರ್ಟ್ ಮಾಡಿದೆ. 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದು ಪರದೆ ನೀಲಿಯಾಯಿತು. ಅವಳು ಬಂದು ನೋಡಿದಾಗಲೂ ನೀಲಿಯೇ.

"ನನ್ನ ನಕ್ಷೆ?"

"ಒಳಗೇ ಭದ್ರವಾಗಿದೆ. ಹತ್ತು ನಿಮಿಷ..."

ಅವಳು ಬೈಯಲಿಲ್ಲ. ಬಟ್ಟೆಯ ರಾಶಿ ಹಿಡಿದು ಹಾಗೇ ಕುರ್ಚಿಯಲ್ಲಿ ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಬಾಗಿಲ ಬೆಲ್ ಆಯಿತು. ಮನೆ ಒಡತಿ ಕೈಯಲ್ಲಿ ಕಾಗದದ ಕಂತೆ ಹಿಡಿದು ನಿಂತಿದ್ದರು. ಹಿಂದೆ ಬಾಡಿದ ಮುಖದ ಯಜಮಾನರು.

"ನೋಡಮ್ಮ ಇವರ ಧೈರ್ಯ" ಎಂದು ಒಡತಿ ಕಂತೆಯನ್ನು ಮೇಜಿನ ಮೇಲೆ ಇಟ್ಟರು. "ಅಡುಗೆಮನೆ ಒಡೆಸ್ತೀನಿ ಅಂದಾಗ ಹೂಂ ಅಂದ್ರು. ಬೇಡ ಅಂತ ಎದುರಿಗೆ ಹೇಳೋಕೆ ಬಾಯಿಲ್ಲ, ಪ್ರಿಂಟ್ ತೆಗೆದು ಇಟ್ಟಿದಾರೆ. ಅವರ ಮಾತೇ ನಡೀಲಿ. ನನಗೆ ಯಾವ ಅಡುಗೆಮನೆಯೂ ಬೇಡ."

"ನಾನು ಮಲಗಿದ್ದೆ ಕಣೇ" ಎಂದರು ಯಜಮಾನರು, ಬಹುಶಃ ನೂರನೇ ಸಲ.

ಮೇಲಿನ ಹಾಳೆಯಲ್ಲಿ ನನ್ನ ವಿಜಯಪತ್ರ! ಹೆಂಡತಿ ಅದನ್ನು ಓದಿದಳು. ಆಮೇಲೆ ನನ್ನ ಮುಖ ಓದಿದಳು. ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತಿತ್ತು, ಅವಳ ಕೆಲಸ ಹೋಗುತ್ತಿತ್ತು.

"ಅಮ್ಮಾ, ಅದು ನಾನು ಕಳಿಸಿದ್ದು. ಇವಳಿಗೆ" ಎಂದೆ.

ಹೋದ ತಿಂಗಳು ನಮ್ಮ ವೈಫೈ ಕೆಟ್ಟಾಗ ಯಜಮಾನರು ದೊಡ್ಡ ಮನಸ್ಸಿನಿಂದ ತಮ್ಮದರ ಪಾಸ್‌ವರ್ಡ್ ಕೊಟ್ಟಿದ್ದರು. ನಮ್ಮದು ಸರಿಹೋದರೂ ನನ್ನ ಲ್ಯಾಪ್‌ಟಾಪು ಅವರ ಉಪ್ಪಿನ ಋಣ ಮರೆಯದೆ ಅವರ ವೈಫೈಗೇ ಅಂಟಿಕೊಂಡಿತ್ತು. ಬೆಳಗಿನಿಂದ ನಾನು ಪಕ್ಕದ ರೂಮನ್ನು ಹುಡುಕಿದ್ದು ಕೆಳಗಿನ ಮನೆಯಲ್ಲಿ!

ಯಜಮಾನರು ನನ್ನನ್ನು ಅಪಾರ ಗೌರವದಿಂದ ನೋಡಿದರು. "ಮದುವೆಯಾದಾಗಿನಿಂದ ನಾನು ಒಂದು ಸಲವೂ ಹೇಳೋಕೆ ಧೈರ್ಯ ಮಾಡದ ಮಾತು. ನೀವು ಕಂತೆಗಟ್ಟಲೆ ಕಳಿಸಿದ್ರಲ್ಲ ಸ್ವಾಮಿ."

ಒಡತಿಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದು ಕೂತು, "ಸರಿ, ನಕ್ಷೆ ತೋರಿಸಮ್ಮ" ಎಂದರು.

ನೀಲಿ ಪರದೆ ಇನ್ನೂ ನೀಲಿಯಾಗಿಯೇ ಇತ್ತು. ನನ್ನವಳು ಎದ್ದು ನನ್ನ ರೂಮಿಗೆ ಹೋದಳು. ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟು ಫೋಟೋ ತೆರೆದಳು. ಇಷ್ಟು ಸುಲಭವಾಗಿ ಫೋಟೋಗಳು ರೂಮು ದಾಟಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ನನ್ನ ವಿಜಯಪತ್ರಗಳನ್ನು ಮಗುಚಿ ಹಾಕಿ, ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ ಒಲೆ, ಸಿಂಕು, ಕಿಟಕಿ ಎಲ್ಲ ಬರೆಯತೊಡಗಿದಳು. "ಕಿಟಕಿ ಸ್ವಲ್ಪ ಈಚೆಗೆ ಬರಲಿ" ಎಂದರೆ ಅಳಿಸಿ ಈಚೆಗೆ ತಂದಳು. ಕಣ್ಣೆದುರೇ ಕಟ್ಟಿದ ಅಡುಗೆಮನೆ ಒಡತಿಗೆ ಹಿಡಿಸಿಬಿಟ್ಟಿತು. ಬರುವ ವಾರವೇ ಕೆಲಸ ಶುರುಮಾಡು ಎಂದರು.

"ಅಂದಹಾಗೆ, ಕಾಫಿ ಕೇಳಿದ್ದು ಯಾರು?" ಎಂದು ನನ್ನತ್ತ ತಿರುಗಿದರು.

"ಇವರೇ. ಎಲ್ಲರಿಗೂ ತರ್ತಾರೆ" ಎಂದಳು ನನ್ನವಳು, ಪೆನ್ಸಿಲ್ ಎತ್ತದೆ.

ಅವರು ಹೋದ ಮೇಲೆ ಲೋಟ ತೊಳೆಯುತ್ತಾ, "ಏನೇ ಆಗಲಿ, ನೆಟ್‌ವರ್ಕ್ ಆಗಿದ್ದಂತೂ ನಿಜ ತಾನೆ?" ಎಂದೆ.

"ನಿಜ. ಎರಡು ರೂಮು ಸೇರಿಸೋಕೆ ಹೋಗಿ ಎರಡು ಮನೆ ಸೇರಿಸಿದ್ರಿ."

ನಕ್ಷೆಗೆ ಬಳಸಿ ಒಂದು ವಿಜಯಪತ್ರ ಮಿಕ್ಕಿತ್ತು. ಅದನ್ನು ನನ್ನವಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಕೆಳಗೆ ನನ್ನ ಹೆಸರು ಹಾಕಿರಲಿಲ್ಲ ನೋಡಿ, ಅಂಟಿಸಿದವರದೇ ಮಾತಾಗಿಬಿಟ್ಟಿದೆ. ಈಗ ಅವಳು ಬಾಯಿಬಿಟ್ಟು ಕಾಫಿ ಕೇಳುವುದಿಲ್ಲ. ಫ್ರಿಜ್ಜಿನ ಕಡೆಗೊಮ್ಮೆ ನೋಡುತ್ತಾಳೆ, ನಾನು ಎದ್ದು ಹಾಲು ಕಾಯಿಸಲು ಇಡುತ್ತೇನೆ.