ಭತ್ತಕ್ಕೆ ಬೇರೆ ದುಡ್ಡು

ಪೂರ್ತಿ ಬೆಲೆ ಕೊಟ್ಟು ತಂದ ವಸ್ತು ಪೂರ್ತಿ ನಮ್ಮದು ಎಂದು ನಂಬಿ ಬೆಳೆದವನು ನಾನು. ನಮ್ಮ ತಂದೆ ಹರಿಹರದ ಅಂಗಡಿಯಲ್ಲಿ ಗೋಡೆ ಗಡಿಯಾರ ಕೊಂಡಾಗ ಅಂಗಡಿಯವರು ಕೀಲಿಯನ್ನೂ, ಗೋಡೆಗೆ ಹೊಡೆಯುವ ಮೊಳೆಯನ್ನೂ ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ಗಂಟೆ ಬಾರಿಸಲು ಬೇರೆ ದುಡ್ಡು, ಅರ್ಧ ಗಂಟೆ ಬಾರಿಸಲು ಬೇರೆ ದುಡ್ಡು ಎಂದಿರಲಿಲ್ಲ. ಇಂಥ ಕಾಲದವನಿಗೆ ಈ ವಯಸ್ಸಿನಲ್ಲಿ ಒಂದು ವಿಡಿಯೊ ಗೇಮ್ ರಕ್ತದೊತ್ತಡ ಏರಿಸಿತು ಎಂದರೆ ನೀವು ನಗಬಾರದು. ಮನೆಯವರು ಆಗಲೇ ಸಾಕಷ್ಟು ನಕ್ಕಿದ್ದಾರೆ.

ಗೇಮಿಗೂ ನನಗೂ ಸಂಬಂಧವಾದದ್ದು ಕೈ ಮುರಿದದ್ದರಿಂದ. ನಾನು ಊರ ಹೊರಗೆ ಬಾತಿ ಕಡೆಯ ರಸ್ತೆಯಲ್ಲಿ ಒಂದು ಕಲ್ಯಾಣ ಮಂಟಪ ನಡೆಸುತ್ತೇನೆ. ಅಲ್ಲಿ ಊಟದ ಹಾಲ್ ತೊಳೆಯುತ್ತಿದ್ದಾಗ, ತೊಳೆಯುವವರಿಗೆ ಬುದ್ಧಿ ಹೇಳಲು ಹೋಗಿ ಜಾರಿ ಬಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಪಿ.ಜೆ. ಬಡಾವಣೆಯ ಡಾಕ್ಟರು, "ಬೆರಳು ಆಡಿಸ್ತಾ ಇರ್ರಿ, ಇಲ್ಲಾಂದ್ರೆ ಬಿಗಿತಾವೆ" ಎಂದರು. ಕಾಲೇಜಿಗೆ ಹೋಗುವ ಮಗಳು ಮೇಘನಾ ತನ್ನ ಗೇಮ್ ಯಂತ್ರದ ರಿಮೋಟನ್ನು ನನ್ನ ಕೈಗಿಟ್ಟಳು. ಅವಳು ಆಡುವ ಗುಂಡಿನ ಆಟದಲ್ಲಿ ನಾನು ನಿಂತಲ್ಲೇ ಸಾಯುತ್ತಿದ್ದೆ. ಬೇಸರಪಟ್ಟುಕೊಂಡಾಗ ಅವಳೇ ಬೇಸಾಯದ ಆಟವೊಂದನ್ನು ತೋರಿಸಿದಳು. ಬೆಲೆ ಹೆಚ್ಚೆನಿಸಿದರೂ ಔಷಧವೆಂದುಕೊಂಡು ಪೂರ್ತಿ ದುಡ್ಡು ಕೊಟ್ಟು ಖರೀದಿಸಿದೆ.

ಸುಳ್ಳು ಹೇಳುವುದಿಲ್ಲ, ಚೆನ್ನಾಗಿತ್ತು. ಗೋಧಿ ಬೆಳೆದೆ, ಮೆಕ್ಕೆಜೋಳ ಬೆಳೆದೆ. ಬದುಕಿನಲ್ಲಿ ಒಂದು ಗುಂಟೆ ನೆಲ ಉಳದವನು ಸೋಫಾದಲ್ಲಿ ಕುಳಿತು ನೂರಾರು ಎಕರೆ ಉತ್ತೆ. ಆಮೇಲೆ, ಭತ್ತ ಬೆಳೆಯುವ ನಮ್ಮ ಸೀಮೆಯವನಿಗೆ ಸಹಜವಾಗಿ ಬರುವ ಆಸೆಯಿಂದ, ಭತ್ತ ನಾಟಿ ಮಾಡೋಣ ಎಂದು ಹೊರಟೆ. ಭತ್ತದ ಚಿತ್ರದ ಮೇಲೆ ಒಂದು ಸಣ್ಣ ಬೀಗವಿತ್ತು. ಒತ್ತಿದರೆ ದುಡ್ಡು ಕೇಳಿತು. ಅದೂ ಬರೀ ಭತ್ತಕ್ಕಲ್ಲ. ಭತ್ತ, ನಾಟಿ ಯಂತ್ರ, ಎರಡು ಎಮ್ಮೆ ಮತ್ತು ಹುಲ್ಲಿನ ಟೋಪಿ, ಎಲ್ಲ ಸೇರಿ ಒಂದೇ ಗಂಟು. ನನಗೆ ಎಮ್ಮೆ ಬೇಕಾಗಿರಲಿಲ್ಲ. ಟೋಪಿಯಂತೂ ಆಗಲೇ ಹಾಕಿಸಿಕೊಂಡಿದ್ದೆ.

"ಪೂರ್ತಿ ರೊಕ್ಕ ಕೊಟ್ಟೀವಲ್ಲ, ಮತ್ಯಾಕ ಬೀಗ?" ಎಂದು ಮಗಳನ್ನು ಕೇಳಿದೆ.

"ಅದು ಹೆಚ್ಚಿಂದು ಅಪ್ಪಾಜಿ. ಅದನ್ನ ಮಾಡಾಕೆ ಬ್ಯಾರೆ ಜನ ಕೂತು ಕೆಲಸ ಮಾಡಿರ್ತಾರೆ. ಅವ್ರಿಗೆ ಸಂಬಳ ಬ್ಯಾಡೇನು?"

"ಯಾವಾಗ ಮಾಡಿದ್ರು?"

ಮೇಘನಾ ಸ್ವಲ್ಪ ದನಿ ಇಳಿಸಿ, "ಆಟ ಬಂದ ದಿನಾನೇ ಅದೂ ಬಂದಿತ್ತು" ಎಂದಳು.

ನನಗೆ ಬೇಕಾದದ್ದು ಅಷ್ಟೇ. ವರ್ಷ ಬಿಟ್ಟು ಹೊಸದಾಗಿ ಮಾಡಿದ್ದರೆ ದುಡ್ಡು ಕೇಳಲಿ, ಅದು ನ್ಯಾಯ. ಮೊದಲೇ ಬೆಳೆದಿಟ್ಟು, ಕಣಜಕ್ಕೆ ಬೀಗ ಹಾಕಿ, ಮನೆಯನ್ನು ಮಾತ್ರ ಪೂರ್ತಿ ಬೆಲೆಗೆ ಮಾರಿದರೆ ಅದಕ್ಕೆ ಏನನ್ನಬೇಕು? ಇದನ್ನು ಊಟಕ್ಕೆ ಕುಳಿತಾಗ ಹೇಳಿದೆ, ಎದ್ದಾಗ ಹೇಳಿದೆ. ಫಿಸಿಯೊಥೆರಪಿ ಮಾಡುವ ಹುಡುಗಿಗೂ ಹೇಳಿದೆ. ಅವಳು ನನ್ನ ಬೆರಳನ್ನು ಇನ್ನಷ್ಟು ಬಲವಾಗಿ ಮಡಚಿದಳು.

ಭಾನುವಾರ ಹೆಂಡತಿಯ ತಮ್ಮ ಬಸವರಾಜ ಹೊಸ ಅಕ್ಕಿ ತಗೊಂಡು ಬಂದ. ಹರಿಹರದ ಹತ್ತಿರ ನಿಜವಾದ ಗದ್ದೆಯಲ್ಲಿ ನಿಜವಾದ ಭತ್ತ ಬೆಳೆಯುವವನು. ಅವನಾದರೂ ನನ್ನ ಕಡೆ ನಿಲ್ಲುತ್ತಾನೆಂದು ಎಲ್ಲವನ್ನೂ ವಿವರಿಸಿದೆ.

"ನಾ ಟ್ರ್ಯಾಕ್ಟರ್ ತಗೊಂಡಾಗ ಟ್ರೇಲರ್ ಏನ್ ಬಿಟ್ಟಿ ಕೊಟ್ರೇನ್ರಿ ಭಾವ?" ಎಂದ ಅವನು.

"ಟ್ರೇಲರ್ ಬ್ಯಾಡಪ್ಪ. ಮೂರನೇ ಗೇರಿಗೆ ಬ್ಯಾರೆ ದುಡ್ಡು ಅಂದಿದ್ರೆ?"

ಬಸವರಾಜ ಯೋಚಿಸಿದ. "ಹಂಗಂದಿದ್ರೆ ಒದೆ ಬೀಳ್ತಿದ್ವು" ಎಂದು ಒಪ್ಪಿಕೊಂಡ. ಆಮೇಲೆ ರಿಮೋಟ್ ಕಿತ್ತುಕೊಂಡು, "ಮೆಕ್ಕೆಜೋಳ ಇಷ್ಟು ದೂರ ದೂರ ಹಾಕ್ತಾರೇನ್ರಿ?" ಎನ್ನುತ್ತಾ ಸಂಜೆಯವರೆಗೆ ನನ್ನ ಹೊಲವನ್ನು ತಿದ್ದಿದ. ನನ್ನ ಬೆರಳು ಅಂದು ಆಡಲೇ ಇಲ್ಲ.

ಆ ವಾರವೇ ಮಂಟಪದಲ್ಲಿ ಒಂದು ಮದುವೆ ಮುಗಿದು, ಹುಡುಗಿಯ ತಂದೆ ಲೆಕ್ಕ ತೀರಿಸಲು ಬಂದರು. ನನಗೆ ಬುತ್ತಿ ತಂದಿದ್ದ ಮೇಘನಾ ಅಲ್ಲೇ ಕುಳಿತಿದ್ದಳು. ಆ ಹಿರಿಯರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು.

"ಬಾಡಿಗೆ ಪೂರ್ತಿ ಕೊಟ್ಟೀವಿ. ಈಗ ಜನರೇಟರ್ ಬ್ಯಾರೆ ಅಂತೀರಿ, ಪಾತ್ರೆ ಬ್ಯಾರೆ ಅಂತೀರಿ, ಕಸ ಗುಡಿಸಿದ್ದು ಬ್ಯಾರೆ ಅಂತೀರಿ. ಮಂಟಪದಾಗೆ ಕುಂತು ಉಸಿರಾಡಿದ್ದಾದ್ರೂ ಬಾಡಿಗ್ಯಾಗ ಬಂತೇನ್ರಿ?"

ಮಗಳು ಮೊಬೈಲಿನಲ್ಲಿ ಏನನ್ನೋ ಬಹಳ ಶ್ರದ್ಧೆಯಿಂದ ಓದತೊಡಗಿದಳು. ಅವಳ ಭುಜ ಮಾತ್ರ ಅಲುಗುತ್ತಿತ್ತು. ನಾನು ಡೀಸೆಲ್ ದರದ ಬಗ್ಗೆ, ಕೂಲಿಯವರ ಬಗ್ಗೆ ಎರಡು ಮಾತು ಶುರು ಮಾಡಿದವನು, ಆ ಭುಜ ನೋಡಿ ಪೆನ್ನು ತೆಗೆದೆ. ಲೆಕ್ಕದಿಂದ ಜನರೇಟರನ್ನೂ ಕಸವನ್ನೂ ಹೊಡೆದುಹಾಕಿದೆ. ಹಿರಿಯರು ಅನುಮಾನದಿಂದಲೇ ಎದ್ದು ಹೋದರು.

ಆ ರಾತ್ರಿ ಊಟವಾದ ಮೇಲೆ ದೊಡ್ಡ ನಿರ್ಧಾರ ಮಾಡಿದೆ. ಇನ್ನು ನಮ್ಮಲ್ಲಿ ಒಂದೇ ಬಾಡಿಗೆ. ವಿದ್ಯುತ್ತು, ಪಾತ್ರೆ, ನೀರು, ಕಸ, ಎಲ್ಲ ಅದರಲ್ಲೇ. ಬಾಡಿಗೆ ತುಸು ಏರಿಸಬೇಕಾಯಿತು, ಆದರೆ ಬೀಗವಿಲ್ಲ. ಬೋರ್ಡನ್ನೂ ಬರೆಸಿದೆ. ಮನೆಯಲ್ಲಿ ಯಾರೂ ಹೊಗಳಲಿಲ್ಲವಾದ್ದರಿಂದ ನಾನೇ ಎರಡು ದಿನ ಎದೆ ಉಬ್ಬಿಸಿ ಓಡಾಡಿದೆ.

ಹೊಸ ಬೋರ್ಡಿನ ಕೆಳಗೆ ಮೊದಲು ಬಂದವರು ಹರಿಹರದ ಒಬ್ಬ ನಿವೃತ್ತ ಮೇಷ್ಟ್ರು. ಮಗನ ನಿಶ್ಚಿತಾರ್ಥಕ್ಕೆ ಹಾಲ್ ಬೇಕಿತ್ತು. ನಾನು ಎಲ್ಲ ಸೇರಿದ ಬಾಡಿಗೆಯ ಹಿರಿಮೆಯನ್ನು ಹೇಳಿ ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದರು.

"ಜನರೇಟರ್ ನಮ್ಮ ಅಳಿಯಂದೇ ಐತ್ರಿ. ಪಾತ್ರೆ ಅಡಿಗೆಯೋರೇ ತರ್ತಾರೆ. ನಾವು ಬಳಸದೇ ಇರೋದಕ್ಕೆ ನಾವ್ಯಾಕ ದುಡ್ಡು ಕೊಡಬೇಕ್ರಿ? ಬರೇ ಹಾಲ್ ಬಾಡಿಗೆ ಹೇಳ್ರಿ, ಮಿಕ್ಕಿದ್ದು ಬೇಕಾದ್ರೆ ಬ್ಯಾರೆ ತಗೋತೀವಿ."

ಅವರ ಮಾತು ನ್ಯಾಯವಾಗಿತ್ತು. ಸಿಟ್ಟು ಬಂದದ್ದು ಅದಕ್ಕೇ. "ಕೂಡ್ರಿ ಸಾರ್, ಮೊದಲು ಚಾ ಕುಡಿಯೋಣ" ಎಂದು ಚಹಾ ತರಿಸಿದೆ. ಮೇಷ್ಟ್ರು ಲೋಟವನ್ನು ತುಟಿಯ ಹತ್ತಿರ ಒಯ್ದವರು ಅಲ್ಲೇ ನಿಲ್ಲಿಸಿದರು.

"ಇದು ಬಾಡಿಗ್ಯಾಗ ಬರ್ತೈತೋ, ಬ್ಯಾರೆನೋ?"

ಇನ್ನೂ ತೀರ್ಮಾನ ಮಾಡಿಲ್ಲ ಎಂದೆ.