ಕ್ಯಾಂಟೀನ್ ಲೋಟಗಳಲ್ಲಿ ಹಾಕಿ ಭವಿಷ್ಯ

ಮುಂದಿನ ಲೋಕಲ್ ಯಾವಾಗ ಬರುತ್ತದೆಂದೇ ಖಾತ್ರಿಯಾಗಿ ಹೇಳಲಾಗದ ಈ ಮುಂಬಯಿಯಲ್ಲಿ, ಯಾವ ತಂಡಕ್ಕೆ ಯಾವ ತಂಡ ಎದುರಾಗುತ್ತದೆ ಎಂದು ಭವಿಷ್ಯ ಹೇಳಲು ಹೊರಟವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನು ಅಂಧೇರಿಯ ಒಂದು ಕಾಲೇಜಿನಲ್ಲಿ ಅಕೌಂಟ್ಸ್ ಪಾಠ ಮಾಡುವವಳು. ಹಾಕಿ ಆಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಬರುವುದೆಲ್ಲ ಹಾಕಿಯೇ.

೧. ಒಂದು ಪ್ರಶ್ನೆ

ನಮ್ಮ ಕಾಲೇಜಿಗೆ ಹುಡುಗಿಯರ ಹಾಕಿ ತಂಡವೊಂದಿದೆ. ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುವುದು ಅದರ ಪದ್ಧತಿ. ಈ ಸಲ ಟೂರ್ನಮೆಂಟ್ ನಮ್ಮ ಮೈದಾನದಲ್ಲೇ ನಡೆಯುವುದಿತ್ತು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲ್ ಮೇಡಂ, ಈ ಸಲವೂ ಮೊದಲ ಸುತ್ತಿನಲ್ಲೇ ಸೋತರೆ ತಂಡ ಮುಚ್ಚುತ್ತೇವೆ, ಮೈದಾನವನ್ನು ಸಂಜೆ ಹೊತ್ತು ಬಾಕ್ಸ್ ಕ್ರಿಕೆಟ್ಟಿಗೆ ಬಾಡಿಗೆಗೆ ಕೊಡುತ್ತೇವೆ ಎಂದರು. ಬಾಕ್ಸ್ ಕ್ರಿಕೆಟ್ ಎಂದರೆ ಸುತ್ತಲೂ ಬಲೆ ಕಟ್ಟಿ, ಆಫೀಸು ಬಿಟ್ಟವರು ಬಂದು ಆಡುವ ಸಣ್ಣ ಕ್ರಿಕೆಟ್.

ನನಗೆ ಆ ಹುಡುಗಿಯರ ಬಗ್ಗೆ ಕನಿಕರವಾಯಿತು. ಏನಾದರೂ ಕೇಳಬೇಕಲ್ಲ ಎಂದು, ಹಾಕಿಯಲ್ಲಿ ಒಂದು ಕಡೆಗೆ ಎಷ್ಟು ಜನ ಆಡುತ್ತಾರೆ ಎಂದು ಕೇಳಿದೆ. ಈ ವಿಷಯದಲ್ಲಿ ಇಷ್ಟು ಆಸಕ್ತಿ ತೋರಿಸಿದವರು ಇವರೊಬ್ಬರೇ ಎಂದು ಪ್ರಿನ್ಸಿಪಾಲರು ಅಲ್ಲೇ ನನ್ನನ್ನು ತಂಡದ ಇನ್‌ಚಾರ್ಜ್ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಪ್ರಶ್ನೆಗೆ ಉತ್ತರವನ್ನು ಮಾತ್ರ ಯಾರೂ ಹೇಳಲಿಲ್ಲ.

೨. ಸಿಂಕಿಗೆ ಹೋದ ಚಾಂಪಿಯನ್ನರು

ನಮ್ಮ ಕೋಚ್ ಧಾರವಾಡದ ಕಡೆಯವರು. ನನಗೆ 'ಸೀಡಿಂಗ್' ಎಂದರೇನೆಂದು ಕಲಿಸಲು ಅವರು ಕ್ಯಾಂಟೀನಿಗೆ ಕರೆದುಕೊಂಡು ಹೋದರು. ನಾನು ಅರ್ಥ ಮಾಡಿಕೊಂಡದ್ದನ್ನು ಹೇಳುತ್ತೇನೆ. ಮದುವೆ ಊಟದ ಪಂಕ್ತಿಯಲ್ಲಿ ಜಗಳವಾಡಿದ ಇಬ್ಬರು ಭಾವಂದಿರನ್ನು ದೂರದೂರ ಕೂರಿಸುತ್ತೇವಲ್ಲ, ಕನಿಷ್ಠ ಪಾಯಸ ಬರುವವರೆಗಾದರೂ ಗಲಾಟೆಯಾಗದಿರಲಿ ಎಂದು? ಹಾಗೆಯೇ ಹೋದ ವರ್ಷದ ನಾಲ್ಕು ಬಲವಾದ ತಂಡಗಳನ್ನು ದೂರದೂರ ಇಡುತ್ತಾರೆ. ಅವೇ ಸೀಡ್‌ಗಳು. ಉಳಿದ ನಾಲ್ಕು ಬಡಪಾಯಿ ತಂಡಗಳಲ್ಲಿ ಯಾರಿಗೆ ಯಾವ ಸೀಡ್ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ನಾವು ಬಡಪಾಯಿಗಳ ಸಾಲಿನವರು.

ಕೋಚ್ ಮೇಜಿನ ಮೇಲೆ ನಾಲ್ಕು ದೊಡ್ಡ ಸ್ಟೀಲ್ ಲೋಟ, ನಾಲ್ಕು ಸಣ್ಣ ಚಹಾ ಗ್ಲಾಸು ಜೋಡಿಸಿದರು. ಮೊದಲನೇ ಲೋಟ ಬೈಕುಲ್ಲಾದ ಕಾಲೇಜು, ಹೋದ ವರ್ಷದ ಚಾಂಪಿಯನ್ನರು. ಅವರು ನಮಗೆ ಬೀಳಬಾರದು. ನಾಲ್ಕನೇ ಲೋಟ ಬಿದ್ದರೆ ಗೆಲ್ಲಬಹುದು.

"ಬರ್ದಿಟ್ಕೋರಿ ಮೇಡಂ, ನಮಗ ನಾಲ್ಕನೇದ್ದೇ ಬೀಳತೈತಿ," ಎಂದು ನಮ್ಮ ತಂಡವೆಂಬ ಸಣ್ಣ ಗ್ಲಾಸನ್ನು ಆ ಲೋಟದ ಎದುರು ಸರಿಸಿದರು. ಅಲ್ಲಿಂದ ಸೆಮಿಫೈನಲ್, ಅಲ್ಲಿಂದ ಫೈನಲ್. ನನಗೂ ಹುರುಪು ಬಂತು. ಫೈನಲ್ಲಿನಲ್ಲಿ ನಮ್ಮೆದುರು ಯಾರು ಎಂದು ಕೇಳಿದೆ. ಬೈಕುಲ್ಲಾದವರೇ ಎಂದು ಕೋಚ್ ಕೈ ಚಾಚಿದರು. ಅಲ್ಲಿ ಲೋಟವಿರಲಿಲ್ಲ.

ಕ್ಯಾಂಟೀನ್ ನಡೆಸುವ ಅಣ್ಣ, ಉಡುಪಿ ಕಡೆಯವರು, ಚಾಂಪಿಯನ್ನರನ್ನು ಆಗಲೇ ತೊಳೆಯಲು ಸಿಂಕಿಗೆ ಹಾಕಿದ್ದರು.

೩. ನನ್ನ ಕೈಗುಣ

ಚೀಟಿ ಎತ್ತುವ ದಿನ ಎಂಟು ಕಾಲೇಜಿನವರೂ ನಮ್ಮ ಸ್ಟಾಫ್ ರೂಮಿಗೆ ಬಂದರು. ಚೀಟಿಗಳನ್ನು ಊಟದ ಡಬ್ಬಿಯೊಂದರಲ್ಲಿ ಹಾಕಿದ್ದೆವು. ಡಬ್ಬಿ ನನ್ನದೇ, ಆದ್ದರಿಂದ ಚೀಟಿಗಳಿಗೆ ಸ್ವಲ್ಪ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆಯಿತ್ತು. ಹೊಸಬರ ಕೈಗುಣ ಒಳ್ಳೆಯದಿರುತ್ತದೆ ಎಂದು ಕೋಚ್ ನನ್ನನ್ನೇ ಎತ್ತಲು ನಿಲ್ಲಿಸಿದರು.

ಮೊದಲು ಎತ್ತುವುದು ಮೊದಲನೇ ಸೀಡಿನ ಎದುರಾಳಿಯ ಚೀಟಿ. ಅಂದರೆ ಈ ಒಂದು ಚೀಟಿ ನಮ್ಮದಾಗದಿದ್ದರೆ ಸಾಕು. ನಾನು ಕಣ್ಣು ಮುಚ್ಚಿ ಎತ್ತಿದೆ. ನಮ್ಮದೇ.

ಕೋಚ್ ಕುರ್ಚಿಯಲ್ಲಿ ಕುಸಿದರು. ಬೈಕುಲ್ಲಾದ ಕೋಚ್ ಎದ್ದು ಬಂದು ನನ್ನ ಕೈ ಕುಲುಕಿದರು. ಎಂಥ ಸಜ್ಜನರು, ಸಮಾಧಾನ ಹೇಳಲು ಬಂದಿದ್ದಾರೆ ಎಂದುಕೊಂಡೆ. ಅವರು ಹಿಂದಿಯಲ್ಲಿ ಮೆಲ್ಲಗೆ ವಿವರಿಸಿದರು: ತಮ್ಮ ಕಾಲೇಜಿನ ಕ್ಯಾಂಟೀನಿನಲ್ಲೂ ಒಂದು ವಾರದಿಂದ ಭವಿಷ್ಯ ನಡೆದಿತ್ತು, ಅಲ್ಲಿ ಎಲ್ಲರೂ ಬೇಡಿಕೊಂಡದ್ದು ನಮ್ಮನ್ನೇ.

೪. ಭಾನುವಾರ

ಪಂದ್ಯ ಭಾನುವಾರ ಬೆಳಿಗ್ಗೆ. ಹಿಂದಿನ ದಿನ ಕ್ಯಾಂಟೀನಿನ ಅಣ್ಣ ಸಂತೋಷದ ಸುದ್ದಿ ತಂದರು. ನಾಳೆ ಅಂಧೇರಿಯ ಮೇಲೆ ಹಾದುಹೋಗುವ ವೆಸ್ಟರ್ನ್ ರೈಲು ಲೈನಿನಲ್ಲಿ ಮೆಗಾ ಬ್ಲಾಕ್. ಮುಂಬಯಿಯ ಹೊರಗಿನವರಿಗಾಗಿ ಹೇಳುತ್ತೇನೆ: ಹಳಿ ರಿಪೇರಿಗೆಂದು ಭಾನುವಾರ ಕೆಲವು ಸ್ಟೇಷನ್ನುಗಳ ನಡುವೆ ಗಾಡಿಗಳನ್ನು ಕಡಿಮೆ ಮಾಡುವುದಕ್ಕೆ ಹೀಗೆನ್ನುತ್ತಾರೆ.

"ಬೈಕುಲ್ಲಾದವರು ಬರ್ಲಿಕ್ಕುಂಟಾ ಮಾರಾಯ್ರೆ? ಗಾಡಿ ಬದಲಿಸುವ ದಾದರಿನಲ್ಲೇ ಬಾಕಿ," ಎಂದರು ಅಣ್ಣ. ಸಮಯಕ್ಕೆ ಬಾರದ ತಂಡ ಸೋತಂತೆ ಎಂಬುದು ನಿಯಮ. ಕೋಚ್ ಮತ್ತೆ ಲೋಟ ಜೋಡಿಸಿದರು. ನಾವು ಸೆಮಿಫೈನಲ್ ತಲುಪಿದೆವು.

ಮರುದಿನ ಬೈಕುಲ್ಲಾದ ಹುಡುಗಿಯರು ಎಲ್ಲರಿಗಿಂತ ಮೊದಲೇ ಬಂದು ಮೈದಾನ ಸುತ್ತುತ್ತಿದ್ದರು. ಬ್ಲಾಕ್ ಇದ್ದದ್ದು ಅಂಧೇರಿಯಿಂದ ದಕ್ಷಿಣಕ್ಕೆ, ಬೈಕುಲ್ಲಾದ ಕಡೆಗಲ್ಲ, ಉತ್ತರಕ್ಕೆ. ಉತ್ತರದಲ್ಲಿ ಇರುವವರು ಯಾರು? ಬೋರಿವಲಿ, ದಹಿಸರ್‌ನಲ್ಲಿರುವ ನಮ್ಮ ಹುಡುಗಿಯರು. ಯಾವ ಸ್ಟೇಷನ್ನಿನಿಂದ ಯಾವ ಸ್ಟೇಷನ್ನಿನವರೆಗೆ ಎಂದು ನಮ್ಮಲ್ಲಿ ಒಬ್ಬರೂ ನೋಡಿರಲಿಲ್ಲ. ಇಲ್ಲಿ ನಮ್ಮವರು ಬಂದದ್ದು ನಾಲ್ಕೇ ಜನ. ಅಷ್ಟರಲ್ಲಿ ನನಗೆ ಒಂದು ಕಡೆಗೆ ಹನ್ನೊಂದು ಬೇಕೆಂದು ಗೊತ್ತಾಗಿತ್ತು.

ದಹಿಸರ್‌ನಲ್ಲಿರುವ ನಮ್ಮ ಕ್ಯಾಪ್ಟನ್‌ಗೆ ಫೋನ್ ಮಾಡಿದೆ. ಅವಳ ಮನೆಯವರು ವಿಜಯಪುರದವರು, ಅವಳ ಕನ್ನಡ ಮಾತ್ರ ಮುಂಬಯಿಯದು. "ಮ್ಯಾಮ್, ಟ್ರೇನ್ ಇಲ್ಲಂತ ಎಲ್ಲಾರೂ ಮೆಟ್ರೋಗೆ ಬಂದ್ವಿ. ಗೋಲ್‌ಕೀಪರ್ ಬ್ಯಾಗ್ ಚೆಕಿಂಗ್ ಸ್ಕ್ಯಾನರ್ ಅಂದರ್ ಸಿಕ್ಕೊಂಡು ಅಟಕ್ ಆಗ್ಯದ. ಪೂರಾ ದಹಿಸರ್ ನಮ್ಮ ಹಿಂದೆ ನಿಂತದ."

ಕೋಚ್ ನನ್ನ ಮುಖ ನೋಡಿದರು. ನಾನು ವೇದಿಕೆ ನೋಡಿದೆ. ಉದ್ಘಾಟನೆ ಮುಗಿಯದೆ ಪಂದ್ಯದ ಗಡಿಯಾರ ಶುರುವಾಗುವುದಿಲ್ಲ. ದೀಪ ಹಚ್ಚಿ ಆಗಿತ್ತು, ತೆಂಗಿನಕಾಯಿ ಒಡೆದಾಗಿತ್ತು, ಶಾಲು ಹೊದಿಸಿ ಆಗಿತ್ತು. ನಾನು ಪ್ರಿನ್ಸಿಪಾಲರ ಬಳಿ ಹೋಗಿ, ಮೇಡಂ, ಅತಿಥಿಗಳೆಲ್ಲ ನಿಮ್ಮ ಎರಡು ಮಾತು ಕೇಳಲು ಕಾದಿದ್ದಾರೆ ಎಂದೆ.

ಅವರು ಶಿಕ್ಷಣದಿಂದ ಶುರು ಮಾಡಿದರು. ಆರೋಗ್ಯಕ್ಕೆ ಬಂದರು. ಅವರು ಉಸಿರು ತೆಗೆದುಕೊಂಡಾಗಲೆಲ್ಲ ಕೋಚ್ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಾಗಲೆಲ್ಲ ಅವರಿಗೆ ಇನ್ನೊಂದು ವಿಷಯ ನೆನಪಾಯಿತು. ಬೈಕುಲ್ಲಾದ ಹುಡುಗಿಯರು ಮೊದಲು ಸ್ಟಿಕ್ಕಿಗೆ ಒರಗಿದರು, ಆಮೇಲೆ ಕೂತರು. ಕೊನೆಗೆ ಭಾವುಕರಾಗಿ ಪ್ರಿನ್ಸಿಪಾಲರು, ನಾನಿರುವ ತನಕ ಈ ಮೈದಾನದಲ್ಲಿ ಹಾಕಿಯೇ ನಡೆಯುತ್ತದೆ, ಬೇರೇನೂ ಇಲ್ಲ ಎಂದು ಎಲ್ಲ ಕಾಲೇಜಿನವರ ಮುಂದೆ, ಮೈಕಿನಲ್ಲಿ ಘೋಷಿಸಿಬಿಟ್ಟರು. ಆ ಚಪ್ಪಾಳೆಯ ನಡುವೆ ನಮ್ಮ ಹುಡುಗಿಯರು ಸ್ಟಿಕ್ ಹಿಡಿದು ಗೇಟಿನಿಂದ ಓಡಿಬಂದರು. ಆ ಗೌರವ ತಮಗೇ ಎಂದುಕೊಂಡು ಕೈಯೂ ಬೀಸಿದರು.

ಪಂದ್ಯವನ್ನು ಏಳು ಗೋಲುಗಳಿಂದ ಸೋತೆವು. ಆದರೆ ಮೈದಾನ ಉಳಿಯಿತು, ತಂಡವೂ ಉಳಿಯಿತು. ಮೈಕಿನಲ್ಲಿ ಆಡಿದ ಮಾತನ್ನು ಪ್ರಿನ್ಸಿಪಾಲರು ಹಿಂದೆ ತೆಗೆದುಕೊಳ್ಳುವಂತಿರಲಿಲ್ಲ.

ಸೋಮವಾರ ಕ್ಯಾಂಟೀನಿಗೆ ಹೋದರೆ ಅಣ್ಣ ತಾವೇ ಮುಂದಿನ ವರ್ಷದ ಲೋಟಗಳನ್ನು ಜೋಡಿಸುತ್ತಿದ್ದರು. ಎಲ್ಲಕ್ಕಿಂತ ಮುಂದೆ ನೀರಿನ ದೊಡ್ಡ ಜಗ್ ಇತ್ತು. ಇದು ಬೈಕುಲ್ಲಾದವರಾ ಎಂದು ಕೇಳಿದೆ.

"ಅಲ್ಲ ಮೇಡಂ, ಇದು ನಮ್ಮ ಪ್ರಿನ್ಸಿಪಾಲರು. ಇನ್ನು ಮೊದಲನೇ ಸೀಡ್ ಅವರೇ. ಅವರ ಎದುರು ಯಾರಿಗಾದರೂ ಮ್ಯಾಚ್ ಶುರು ಮಾಡ್ಲಿಕ್ಕಾದರೂ ಆಗ್ತದಾ?"