ಎರವಲು ಸಿರಿವಂತ

ಬ್ಯಾಂಕಿನ ಸಾಹೇಬರು ಮನೆ ನೋಡಲು ಬರುತ್ತಾರೆಂಬ ಸುದ್ದಿಯನ್ನು ಚೌಡಯ್ಯ ಒಳಗೆ ಹೆಂಡತಿಯ ಕಿವಿಯಲ್ಲಿ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಹೇಳಿದ್ದು ಬೀದಿ ನಲ್ಲಿಯ ಹತ್ತಿರ. ಅಲ್ಲಿ ಪಕ್ಕದ ಮನೆಯ ಅನಸೂಯಮ್ಮ ಕೊಡ ಹಿಡಿದು ನಿಂತಿದ್ದಳು.

ಕೊಳ್ಳೇಗಾಲದ ಆ ಬೀದಿಯಲ್ಲಿ ಚೌಡಯ್ಯ ಹನ್ನೆರಡು ವರ್ಷದಿಂದ ಯಜಮಾನರ ಮಗ್ಗದಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುತ್ತಿದ್ದ. ಸರ್ಕಾರ ಬ್ಯಾಂಕುಗಳನ್ನು ತನ್ನ ಕೈಗೆ ತೆಗೆದುಕೊಂಡ ಮೇಲೆ ನೇಕಾರರಿಗೂ ಸಣ್ಣ ರೈತರಿಗೂ ಸಾಲ ಕೊಡಲೇಬೇಕೆಂದು ಅಪ್ಪಣೆಯಾಗಿತ್ತು. ಸಾಲ ಸಿಕ್ಕರೆ ತನ್ನದೇ ಒಂದು ಮಗ್ಗ! ಅರ್ಜಿ ಕೊಟ್ಟಾಗಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

“ಸಾಹೇಬ್ರು ಬಂದು ಏನ್ ನೋಡಾರು? ಚಾಪೆ ಬಿಟ್ರೆ ಗೋಡೆ, ಗೋಡೆ ಬಿಟ್ರೆ ಚಾಪೆ!” ಅನಸೂಯಮ್ಮ ಕೊಡ ಇಳಿಸಿದಳು. “ಸಾವ್ಕಾರ್ರು ಸಾಲ ಕೊಡೋದು ಇದ್ದೋರಿಗೇ ಕಣಣ್ಣ. ನೀನು ಸುಮ್ಕಿರು, ನಾವ್ ನೋಡ್ಕತೀವಿ.”

ಹೆಣ್ಣು ನೋಡಲು ಬೀಗರು ಬಂದಾಗಲೆಲ್ಲ ನೆರೆಯವರ ಸಾಮಾನು ಆ ಮನೆ ತುಂಬುವುದು ಬೀದಿಯ ರೂಢಿ. “ಬ್ಯಾಡ ಕಣಕ್ಕಾ” ಎಂದ ಚೌಡಯ್ಯನ ಮಾತು ಮಗ್ಗದ ಸದ್ದಿನಲ್ಲಿ ಸೊಳ್ಳೆ ಹಾಡಿದಂತಾಯಿತು. ಅನಸೂಯಮ್ಮನ ಕುರ್ಚಿ, ಹಿತ್ತಾಳೆ ಕೊಳಗ, ಮಂಚ ಬಂದವು. ಎದುರು ಮನೆಯ ನೇಕಾರ ದೇವಣ್ಣನ ಬೀರು ಅಡ್ಡಡ್ಡ ಒಳಬಂತು. ಅವನ ರೇಡಿಯೋ ಕರೆಂಟೇ ಇಲ್ಲದ ಮನೆಯಲ್ಲಿ ಹೊಸ ಅಳಿಯನಂತೆ ಬಾಯಿಬಿಡದೆ ಕೂತಿತು.

“ಏನ್ರೀ, ನಮ್ಮನೇಲಿ ನನಗೇ ದಾರಿ ಇಲ್ಲ” ಎಂದಳು ಹೆಂಡತಿ ಭಾಗ್ಯಮ್ಮ.

ಸಾಹೇಬರು ಬಂದರು. ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು.

“ಬೀರು ಯಾರದ್ದು?”

“ಅವ್ರದೇ ಸಾ!” ಬಾಗಿಲಲ್ಲಿದ್ದ ದೇವಣ್ಣ ಕೂಗಿದ. “ರೇಡಿಯೋನೂವೆ!”

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು. “ಚೌಡಯ್ಯನವರೇ, ಈ ಸಾಲ ಏನೂ ಇಲ್ಲದವರಿಗೆ. ನಿಮಗೆ ಕೊಟ್ಟರೆ ಮೇಲಿನವರು ನನ್ನನ್ನ ಬಿಡ್ತಾರಾ?”

“ಅಯ್ಯೋ, ಇದ್ಯಾವುದೂ ನಂದಲ್ಲ ಸಾ!”

“ಸಾಲ ಕೇಳೋರೆಲ್ಲ ಹೀಗೇ ಹೇಳ್ತಾರೆ” ಎಂದು ನಗುತ್ತಾ ಅವರು ಎದ್ದರು. “ತಿಂಗಳು ಮುಗಿಯೋದರೊಳಗೆ ಇನ್ನೂ ಇಬ್ಬರು ಬಡವರಿಗೆ ಕೊಡಬೇಕು. ಈ ಬೀದೀಲಿ ಯಾರೂ ಇಲ್ವಾ?”

ಹೊರಟವರು ದೇವಣ್ಣನ ಮನೆಯೊಳಗೆ ಇಣುಕಿದರು. ಬರೀ ಗೋಡೆ, ಒಂದು ಮಗ್ಗ. ಅನಸೂಯಮ್ಮನ ಮನೆಯಲ್ಲಿ ನೂಲು ಸುತ್ತುವ ರಾಟೆ, ಅದರ ಪಕ್ಕ ಒಂದು ಬೆಕ್ಕು. “ಛೆ, ಮಲಗಕ್ಕೆ ಮಂಚಾನೂ ಇಲ್ಲವೇನಮ್ಮ!” ಎಂದು ಮರುಗಿ, ಜಗಲಿಯ ಮೇಲೇ ಇಬ್ಬರಿಗೂ ಅರ್ಜಿ ಬರೆದರು.

“ಈಗ್ಲಾದ್ರೂ ನಿಜ ಏಳಿ ಅಕ್ಕಾ” ಎಂದು ಭಾಗ್ಯಮ್ಮ ಪಿಸುಗುಟ್ಟಿದಳು. ಅನಸೂಯಮ್ಮ ಬೆಕ್ಕನ್ನು ಎತ್ತಿ ಮುದ್ದಾಡತೊಡಗಿದಳು.

“ಇವರಿಗೆ ಜಾಮೀನು ಹಾಕೋ ಅನುಕೂಲಸ್ಥರು ಬೇಕಲ್ಲ?” ಸಾಹೇಬರ ಕಣ್ಣು ಬೀದಿಯೆಲ್ಲ ಸುತ್ತಿ ಚೌಡಯ್ಯನ ಮೇಲೆ ನಿಂತಿತು.

ಬೆಳಗ್ಗೆಯಿಂದ ತನಗಾಗಿ ಸಾಮಾನು ಹೊತ್ತು ಬೆವೆತವರ ಮುಖ ನೋಡಿ ಚೌಡಯ್ಯನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಎರಡೂ ಕಾಗದಕ್ಕೆ ರುಜು ಹಾಕಿದ.

ಸಂಜೆ ಎಲ್ಲರೂ ನಗುನಗುತ್ತ ಸಾಮಾನು ವಾಪಸು ಸಾಗಿಸತೊಡಗಿದರು. ಅನಸೂಯಮ್ಮ ಬಿಸಿ ಪಾಯಸ ತಂದಿಟ್ಟಳು. ಅದು ರುಚಿಯಾಗಿಯೂ ಇತ್ತು.

“ನಾಳೆ ಸಾಹೇಬ್ರ ಕೈಕಾಲು ಇಡ್ದಾದ್ರೂ ನಾನೇ ಬಡವ ಅಂತ ಏಳ್ಬುಡ್ತೀನಿ” ಎಂದ ಚೌಡಯ್ಯ, ಲೋಟ ನೆಕ್ಕುತ್ತ.

ಬೀರು ಹೊತ್ತಿದ್ದ ದೇವಣ್ಣ ಹೊಸ್ತಿಲಲ್ಲೇ ನಿಂತ. “ಹಂಗೆಲ್ಲಾರ ಅಂದ್ಬುಟ್ಟೀಯ ಕಣಪ್ಪಾ! ನಮ್ಮ ಸಾಲ ಕೈಗೆ ಬರೋಗಂಟ ಈ ಬೀರು ಇಲ್ಲೇ ಇರ್ಲಿ.”